ಸ್ವಿಚ್ಚಿಲ್ಲದ ಮನೆ

ಲಿಫ್ಟ್ ರಿಪೇರಿಯವನ ಬದುಕೆಲ್ಲ ಗುಂಡಿಗಳ ನಡುವೆಯೇ. ಆಸ್ಪತ್ರೆ, ಬ್ಯಾಂಕು, ಕಚೇರಿಗಳ ಲಿಫ್ಟುಗಳಲ್ಲಿ ಊರವರ ಬೆರಳಿನ ಜಿಡ್ಡು ಹಿಡಿದ ಗುಂಡಿಗಳನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸುತ್ತ ಹದಿನೆಂಟು ವರ್ಷ ಕಳೆದಿದ್ದ. ಅದಕ್ಕೇ ಇರಬೇಕು, ತನ್ನ ಮನೆಯಲ್ಲಿ ಒಂದೇ ಒಂದು ಸ್ವಿಚ್ಚೂ ಇರಕೂಡದೆಂಬ ಹುಚ್ಚು ಹತ್ತಿತು. ಎಲ್ಲವನ್ನೂ ಕಿತ್ತ. ಗೋಡೆಯ ತೂತುಗಳಿಗೆ ಸಿಮೆಂಟು ಮೆತ್ತಿ ಬಣ್ಣ ಬಳಿದ. ಮನುಷ್ಯ ಬಂದರೆ ದೀಪ ತಾನೇ ಹತ್ತಬೇಕು, ಹೋದರೆ ತಾನೇ ಆರಬೇಕು. ಬೇರೇನಾದರೂ ಬೇಕಾದರೆ ಬಾಯಿಬಿಟ್ಟು ಹೇಳಬೇಕು, ಮನೆ ಕೇಳಿಸಿಕೊಳ್ಳುತ್ತದೆ.

ಇದನ್ನೆಲ್ಲ ವಿಡಿಯೊ ಮಾಡಿ ಹಾಕಿದ. ಲೋಕದಲ್ಲಿ ಇದೇ ಹುಚ್ಚಿನವರು ಹನ್ನೊಂದು ಸಾವಿರ ಜನ ಸಿಕ್ಕರು. ಅವರದ್ದೊಂದು ಕಟ್ಟಳೆಯಿತ್ತು: ಒಂದೂ ಸ್ವಿಚ್ಚಿಲ್ಲದೆ ಸಾವಿರ ದಿನ ಕಳೆದವನ ಹೆಸರಿನ ಮುಂದೆ ಒಂದು ಸೊನ್ನೆ ಹಚ್ಚುವುದು. ಆ ಸೊನ್ನೆ ಸಿಕ್ಕವರು ಇಡೀ ಗುಂಪಿನಲ್ಲಿ ನಾಲ್ಕೇ ಜನ. ಸೊನ್ನೆಗಾಗಿ ಇಷ್ಟು ಒದ್ದಾಡುವ ಜನರನ್ನು ಬೇರೆಲ್ಲೂ ಕಾಣೆವು. ಅಲ್ಲಿ ಇವನು 'ಲಿಫ್ಟಣ್ಣ'. ಕೆಮ್ಮಿದರೂ ನೂರು ಮೆಚ್ಚುಗೆ. ಸ್ವಂತ ಬೀದಿಯಲ್ಲಿ ಮಾತ್ರ, ಲಿಫ್ಟು ನಿಂತಾಗ ಬೈಸಿಕೊಳ್ಳುವ ಆಸಾಮಿ.

"ಬಂದೋರೆಲ್ಲ ಗೋಡೆ ತಡಕಾಡ್ತಾರೆ, ಕಳ್ಳರ ಥರ," ಎನ್ನುತ್ತಿದ್ದಳು ಹೆಂಡತಿ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಪರೀಕ್ಷಿಸುವ ಕೆಲಸ ಅವಳದು.

ಒಂಬೈನೂರ ಅರವತ್ತನೆಯ ದಿನದ ಹೊತ್ತಿಗೆ ಅವಳ ಅಪ್ಪ ಮನೆಗೆ ಬಂದರು. ಮುಷ್ಕರದ ದಿನಗಳಲ್ಲಿ ಗಿರಣಿ ಗೇಟಿನ ಮುಂದೆ ಮೈಕಿಲ್ಲದೆ ಎರಡು ಸಾವಿರ ಜನರಿಗೆ ಕೇಳಿಸಿದ ಗಂಟಲು ಅವರದು. ಈಗ ಲಕ್ವ ಹೊಡೆದು ಬಲಗೈ ಬಿದ್ದಿತ್ತು, ನಾಲಿಗೆ ತೊಡರುತ್ತಿತ್ತು.

"ಮಾವ, ಸುಮ್ನೆ 'ದೀಪ ಹಾಕು' ಅನ್ನಿ, ಸಾಕು," ಎಂದು ಅಳಿಯ ಹುರುಪಿನಿಂದ ಕಲಿಸಿದ.

ಮುದುಕರು ತುಟಿ ಸೊಟ್ಟ ಮಾಡಿಕೊಂಡು ಹೇಗೋ ಅಂದರು. ಗೋಡೆಯಿಂದ ಮೃದುವಾದ ದನಿ ಬಂತು: "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ."

"ಮ್ಯಾನೇಜರೂ... ಹಿಂಗೇ ಅಂತಿದ್ದ," ಎಂದರು ಮಾವ, ನಿಧಾನವಾಗಿ.

ಹೆಂಡತಿ ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ. ಹೇಗೂ ಮನುಷ್ಯ ಒಳಗೆ ಹೋದರೆ ದೀಪ ಹತ್ತುತ್ತದಲ್ಲ ಎಂದುಕೊಂಡ.

ಬಚ್ಚಲಿನ ಬಾಗಿಲ ಚೌಕಟ್ಟಿನ ಮೇಲೆ ಅವನು ಒಂದು ಸೆನ್ಸರ್ ಕೂರಿಸಿದ್ದ. ಯಾವ ಹೊತ್ತಿನಲ್ಲಿ ಎಷ್ಟು ಸಲ ಜನ ಹೋದರೆಂಬ ಲೆಕ್ಕ ಅವನ ಫೋನಿಗೆ ಬರುತ್ತಿತ್ತು. ಹಗಲು ಮನೆಯಲ್ಲಿರುವವರು ಮಾವ ಒಬ್ಬರೇ. ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ನಾಲ್ಕು, ಮೂರನೆಯ ವಾರಕ್ಕೆ ಎರಡು. ಮೆಟ್ಟಿಲು ಇಳಿದಂತೆ ಇಳಿದ ಆ ಗೆರೆ ಅವನ ಕಣ್ಣಿಗೆ ಚೆಂದ ಕಂಡಿತು. 'ಹಿರಿಯರು ಹೊಸ ಮನೆಗೆ ಒಗ್ಗಿಕೊಂಡ ಬಗೆ' ಎಂದು ಬರೆದು ಗುಂಪಿಗೆ ಹಾಕಿದ. ಹೊಗಳಿಕೆ ಸುರಿಯಿತು. ಒಬ್ಬ ಹೆಂಗಸು ಮಾತ್ರ ಕೇಳಿದಳು: "ಅವರು ನೀರು ಕುಡೀತಿದ್ದಾರಾ?"

"ಸೆನ್ಸರನ್ನು ಎರಡು ಸಲ ಪರೀಕ್ಷಿಸಿದ್ದೇನೆ, ಲೆಕ್ಕ ಸರಿಯಿದೆ," ಎಂದು ಉತ್ತರ ಕೊಟ್ಟ.

ಒಂದು ಭಾನುವಾರ ಬೆಳಿಗ್ಗೆ ಮಾವ ಕುರ್ಚಿಯಿಂದ ಎದ್ದವರು ಅಲ್ಲೇ ಕುಸಿದರು.

"ಮೈಯಲ್ಲಿ ನೀರೇ ಇಲ್ವಲ್ರೀ," ಎಂದರು ಡಾಕ್ಟರು. "ಮೂತ್ರದ ಸೋಂಕು ಬೇರೆ. ಏನು ಯಜಮಾನರೇ, ನೀರು ಕಂಡ್ರೆ ದ್ವೇಷವಾ?"

ಮಾವ ಗೋಡೆಯ ಕಡೆ ಮುಖ ತಿರುಗಿಸಿದರು. ಮನೆಗೆ ಬಂದು ಮಗಳು ಪಕ್ಕದಲ್ಲಿ ಕೂತು ಬಿಡಿಸಿ ಕೇಳಿದ ಮೇಲೆ ಎರಡೇ ಮಾತು ಹೊರಬಿದ್ದವು. "ಕತ್ತಲೆ ಆಗುತ್ತೆ... ಕೂತಿರುವಾಗ್ಲೇ."

ಅಳಿಯ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಕಿಟಕಿಯಿಲ್ಲದ ಕೋಣೆ. ಕಮೋಡಿನ ಮೇಲೆ ಕೂತು ಬಲಗೈಯನ್ನು ತೊಡೆಯ ಮೇಲೆ ಸತ್ತ ಮೀನಿನಂತೆ ಚೆಲ್ಲಿದ. ಎಡಗೈಯಲ್ಲಿ ಗೋಡೆಯ ಕಂಬಿ ಹಿಡಿದ. ಅಲುಗಾಡಲಿಲ್ಲ. ಮೂರು ನಿಮಿಷಕ್ಕೆ ದೀಪ ಆರಿತು. ಇಷ್ಟು ದಿನ ಹೀಗಾದಾಗಲೆಲ್ಲ ಅವನು ಒಮ್ಮೆ ಕೈ ಬೀಸುತ್ತಿದ್ದ, ಇಲ್ಲವೇ 'ದೀಪ ಹಾಕು' ಅನ್ನುತ್ತಿದ್ದ. ಈಗ ಕೈ ಎತ್ತಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ತನ್ನ ಕಾಲು ತನಗೇ ಕಾಣದಂಥ ಕತ್ತಲೆ. ಕಂಬಿ ಬಿಟ್ಟು ಎದ್ದರೆ ಬೀಳುವ ಭಯ. ಹಗಲು ಕೂಗಿದರೆ ಕೇಳುವವರಿಲ್ಲ; ರಾತ್ರಿ ಕೂಗಿದರೆ ಬರುವವಳು ಮಗಳು, ಪಂಚೆ ಸರಿಮಾಡಿಕೊಳ್ಳಲೂ ಆಗದ ಸ್ಥಿತಿಯಲ್ಲಿ. ಅದಕ್ಕಿಂತ ಬಾಯಾರಿಕೆಯೇ ವಾಸಿ ಎಂದು ಮುದುಕರು ತೀರ್ಮಾನಿಸಿದ್ದರು. ಅವರ ಆ ತೀರ್ಮಾನವನ್ನೇ ಇವನು ಗೆರೆ ಎಳೆದು ಲೋಕಕ್ಕೆಲ್ಲ ತೋರಿಸಿದ್ದ.

ಹೊರಗೆ ಬಂದವನು ಮೊದಲು ಫೋನನ್ನೇ ಹಿಡಿದ. ಅಭ್ಯಾಸಬಲ. ಗುಂಪಿನವರು ಮುಗಿಬಿದ್ದರು. ಉಸಿರಾಟ ಗುರುತಿಸುವ ರಾಡಾರ್ ಹಾಕು, ಮಾವನ ದನಿ ರೆಕಾರ್ಡ್ ಮಾಡಿ ಯಂತ್ರಕ್ಕೆ ಕಲಿಸು, ಭಾರಿ ಪ್ರಾಜೆಕ್ಟು, ಸೊನ್ನೆಗೆ ಇನ್ನು ಹದಿನೇಳೇ ದಿನ, ಕೈಬಿಡಬೇಡ ಲಿಫ್ಟಣ್ಣ!

"ರಾಡಾರ್ ಹಾಕಿದ್ರೆ ಎಲ್ಲ ಸರಿಹೋಗುತ್ತೆ ಕಣೇ. ತರಿಸಿ ಕೂರಿಸೋಕೆ ಆರು ವಾರ ಬೇಕು, ಅಷ್ಟೇ," ಎಂದ ಹೆಂಡತಿಗೆ.

"ಅಲ್ಲೀವರೆಗೆ ನಮ್ಮಪ್ಪ ತಡ್ಕೊಂಡಿರ್ಬೇಕಾ?"

ಅವನು ಫೋನು ಕೆಳಗಿಟ್ಟ. ಮೂಲೆಯ ಅಂಗಡಿಗೆ ಹೋಗಿ, ಇರುವುದರಲ್ಲೇ ಅಗಲವಾದ ಒಂದು ಸ್ವಿಚ್ಚು ತಂದ. ಉಳಿ, ಸುತ್ತಿಗೆ ತೆಗೆದ.

"ಮಾವ, ಎಲ್ಲಿರ್ಬೇಕು ತೋರಿಸಿ."

ಮಾವ ಬಟ್ಟೆ ಸಮೇತ ಕೂತು, ಎಡಗೈ ಚಾಚಿ, ಕಂಬಿಗಿಂತ ಒಂದು ಗೇಣು ಮೇಲೆ ಬೆರಳಿಟ್ಟರು. "ಇಲ್ಲಿ. ನಿಮ್ಮ... ತಜ್ಞರಿಗೆ ಹೇಳಿ."

ಬಣ್ಣ ಬಳಿದ ಗೋಡೆಗೆ ಉಳಿ ಬಿತ್ತು. ಒಂಬೈನೂರ ಎಂಬತ್ತಮೂರನೆಯ ದಿನ ಲೆಕ್ಕ ಮುಗಿಯಿತು. ಗುಂಪಿಗೆ ಮೂರೇ ಸಾಲು ಬರೆದ: ಗೆರೆ ಸರಿಯಿತ್ತು, ಓದಿದವನು ದಡ್ಡ; ನೀರಿನ ಬಗ್ಗೆ ಕೇಳಿದ ತಾಯಿಗೆ ಶರಣು; ಸ್ವಿಚ್ಚು ಹಾಕಿದ್ದೇನೆ. ಆರುನೂರು ಜನ ಅಂದೇ ಬಿಟ್ಟುಹೋದರು. ಒಬ್ಬ ಮಾತ್ರ, ಆ ಸ್ವಿಚ್ಚಿನೊಳಗೆ ಯಾವ ಚಿಪ್ ಇದೆ ಎಂದು ವಿಚಾರಿಸಿದ್ದ.

ಮಧ್ಯಾಹ್ನ ಮಾವ ಎರಡು ಲೋಟ ನೀರು ಕುಡಿದರು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಿಚ್ಚಿನ ಸದ್ದು ಕೇಳಿಸಿತು. ಅಳಿಯ ಬಾಗಿಲಿನಾಚೆ ಕಿವಿಗೊಟ್ಟು ನಿಂತ. ಐದು ನಿಮಿಷವಾಯಿತು, ಎಂಟಾಯಿತು. ಬಾಗಿಲ ಕೆಳಗಿನ ಬೆಳಕಿನ ಗೆರೆ ಅಲ್ಲೇ ಇತ್ತು.

"ಅಳಿಯಂದ್ರೇ..." ಒಳಗಿಂದ ದನಿ ಬಂತು, "ಲೆಕ್ಕ... ಇನ್ನೂ ಬರ್ಕೊಳ್ತಿದೀರಾ?"

ಅವನು ತಲೆಯೆತ್ತಿದ. ಚೌಕಟ್ಟಿನ ಮೇಲೆ ಸೆನ್ಸರ್ ಇನ್ನೂ ಮಿನುಗುತ್ತಿತ್ತು.

"ತೆಗೀತೀನಿ ಮಾವ."

"ತೆಗೀರಿ. ಆಮೇಲೆ... ಅತ್ಲಾಗೆ ಹೋಗಿ. ನೀವು ನಿಂತಿದ್ರೆ... ನನಗೆ ಬರಲ್ಲ."

ಸ್ಕ್ರೂಡ್ರೈವರ್ ತರಲು ಅವನು ಓಡಿದ.