ಸೆಫ್ರೂವಿನ ಭಾವಮೈದ

ಫೆಸ್ ನಗರದ ನಮ್ಮ ಓಣಿಯಲ್ಲಿ ಗಿಡಮೂಲಿಕೆ ಮಾರುವ ಬುಶ್ತಾನ ಮೂಗು ಎಂಥದ್ದೆಂದರೆ, ದೂರದ ಮೆಕ್ನೆಸ್‌ನಲ್ಲಿ ಯಾರಾದರೂ ಪುದೀನ ಚಿವುಟಿದರೆ ಇಲ್ಲಿ ಇವನಿಗೆ ಸೀನು. ನಾಲಿಗೆಯಂತೂ ಮೂಗಿಗಿಂತ ಎರಡು ಮಾರು ಉದ್ದ.

ವಿಶ್ವವಿದ್ಯಾಲಯದ ಲಮ್ಯಾ ಅವನಿಂದ ಕರಿಜೀರಿಗೆ ಒಯ್ದು ಪ್ರಯೋಗ ಮಾಡುತ್ತಿದ್ದಳು. ಒಂದು ದಿನ ಬಂದು, ಅದರ ಸಾರ ಗಾಜಿನ ತಟ್ಟೆಯಲ್ಲಿ ಬೆಳೆಸಿದ ದೊಡ್ಡ ಕರುಳಿನ ಕ್ಯಾನ್ಸರ್ ಜೀವಕೋಶಗಳನ್ನು ಕೊಂದಿತು ಎಂದಳು. ಸಂಜೆಯೊಳಗೆ ಸುದ್ದಿ ಓಣಿ ದಾಟಿತು. 'ತಟ್ಟೆಯಲ್ಲಿ' ಎಂಬ ಮಾತು ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಬುಶ್ತಾ ಹೇಳುವಂತೆ, ಅವನ ಕರಿಜೀರಿಗೆಯ ವಾಸನೆಗೇ ಆ ರೋಗ ಸಮುದ್ರ ಹಾರಿ ಸ್ಪೇನಿಗೆ ಓಡುತ್ತಿತ್ತು.

ಮರುವಾರದಿಂದ ಎದುರಂಗಡಿಯ ತಾಮ್ರದ ಕೆಲಸದ ಮಿಮೂನ್, ಅವನ ಬಾಲ್ಯದ ಗೆಳೆಯ, ಪೊಟ್ಟಣ ಒಯ್ಯತೊಡಗಿದ. "ಸೆಫ್ರೂನಲ್ಲಿ ನನ್ನ ಹೆಂಡ್ತಿ ತಮ್ಮ ಇದಾನಲ್ಲ, ಅವನಿಗೆ. ಅದೇ... ಆ ಕೆಟ್ಟದ್ದು."

ನಮ್ಮಲ್ಲಿ ಆ ರೋಗದ ಹೆಸರನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಯಾರಿಗೆಂದು ಕೆದಕುವುದೂ ಇಲ್ಲ. ಹೆಸರು ಹಿಡಿದು ಕರೆದರೆ ಬಂದು ಕೂತುಬಿಡುತ್ತದೆಂಬ ಭಯ. ಏಳು ತಿಂಗಳು ಹೀಗೇ ನಡೆಯಿತು.

ಒಂದು ಮಧ್ಯಾಹ್ನ ಲಮ್ಯಾ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಮಿಮೂನ್ ಬಂದ.

"ನೋಡಮ್ಮ, ನಿನ್ನ ಔಷಧಿ! ಇವನ ಭಾವಮೈದ ಡಾಕ್ಟರ ಮುಖಾನೇ ನೋಡಿಲ್ಲ," ಎಂದು ಬುಶ್ತಾ ಮಿಮೂನನ ಕೈಗೆ ಪೊಟ್ಟಣ ಇಡುತ್ತ ಬೀಗಿದ.

ಲಮ್ಯಾಳ ಲೋಟ ಗಾಳಿಯಲ್ಲೇ ನಿಂತಿತು. "ಔಷಧಿನಾ? ಚಿಕ್ಕಪ್ಪ, ತಟ್ಟೇಲಿ ಸೋಪಿನ ನೀರು ಹಾಕಿದ್ರೂ ಅವು ಸಾಯ್ತವೆ! ಮನುಷ್ಯನ ಹೊಟ್ಟೇಲಿ ಇದು ಕೆಲಸ ಮಾಡುತ್ತೆ ಅಂತ ಇನ್ನೂ ಯಾರು ತೋರ್ಸಿದಾರೆ?" ಮಿಮೂನನ ಕಡೆ ತಿರುಗಿದಳು. "ಅವರಿಗೆ ರಕ್ತ ಹೋಗುತ್ತಾ?"

"ರಂಜಾನಿಂದ ಹೋಗ್ತಿದೆ... ಅವನಿಗೆ."

"ಸಣ್ಣಗಾಗಿದಾರಾ?"

ಮಿಮೂನ್ ಸೊಂಟದಿಂದ ಜಾರುತ್ತಿದ್ದ ಪ್ಯಾಂಟನ್ನು ಮೇಲೆಳೆದುಕೊಂಡ. ಬುಶ್ತಾನ ಕಣ್ಣು ಅಲ್ಲೇ ನೆಟ್ಟುಹೋಯಿತು.

"ಮಿಮೂನ್... ನಿನ್ನ ಹೆಂಡ್ತಿ ಒಬ್ಬಳೇ ಮಗಳು. ಅವಳಿಗೆ ತಮ್ಮನೇ ಇಲ್ವಲ್ಲೋ!"

"ಇವತ್ತು ಹೊಳೀತಾ, ಕತ್ತೆ?" ಎಂದ ಮಿಮೂನ್.

ಬುಶ್ತಾ ಪೊಟ್ಟಣ ಕಿತ್ತುಕೊಂಡ. ಅಂಗಡಿಯನ್ನು ಬೆಕ್ಕುಗಳಿಗೆ ಬಿಟ್ಟು, ಗೆಳೆಯನ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದೊಯ್ದ.

ಗಡ್ಡೆ ಕೊಯ್ದು ತೆಗೆದರು. ಆದರೆ ಅದು ಯಕೃತ್ತಿಗೂ ಹರಡಿತ್ತು. "ಏಳು ತಿಂಗಳ ಹಿಂದೆ ಯಾಕೆ ಕರ್ಕೊಂಡು ಬರ್ಲಿಲ್ಲ?" ಎಂದು ಡಾಕ್ಟರು ಕೇಳಿದಾಗ ಬುಶ್ತಾ ಜೇಬಿನಿಂದ ಆ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ.

ಮಿಮೂನ್ ಈಗ ಮೂರು ವಾರಕ್ಕೊಮ್ಮೆ ಕೀಮೋಗೆ ಹೋಗುತ್ತಾನೆ, ಜೊತೆಗೆ ಬುಶ್ತಾ. ಎಷ್ಟು ದಿನವೋ, ಡಾಕ್ಟರಿಗೂ ಗೊತ್ತಿಲ್ಲ. ಚೀಟಿ ಬರೆಯುವ ಹೆಂಗಸು ಪ್ರತಿ ಸಲ ತಲೆಯೆತ್ತದೆ ಕೇಳುತ್ತಾಳೆ: "ಯಾವ ಕಾಯಿಲೆ?"

ಮಿಮೂನ್ ನೆಲ ನೋಡುತ್ತಾನೆ. ಬುಶ್ತಾ ಸಾಲಿನಲ್ಲಿ ನಿಂತವರೆಲ್ಲ ಬೆಚ್ಚಿಬೀಳುವಂತೆ ಹೇಳುತ್ತಾನೆ: "ಕ್ಯಾನ್ಸರ್!"