ತಮ್ಮನ ಚುಕ್ಕೆ, ಅಕ್ಕನ ಸಾಣೆ

ಇರ್ಮಾ ಕಂಗಾಸ್ ಅವರಿಗೆ ಸ್ವಂತದ ಸ್ಕೇಟ್ ಎಂದೂ ಇರಲಿಲ್ಲ. ಐವತ್ತೊಂಬತ್ತು ವರ್ಷವಾಯಿತು, ಒಂದು ಜೊತೆಯೂ ಇಲ್ಲ. ಐಸ್ ಹಾಕಿ ಅಂಗಳದ ಮಂಜಿನ ಮೇಲೆ ಕಾಲಿಡಬೇಕಾಗಿ ಬಂದರೆ ಇವತ್ತಿಗೂ ರಬ್ಬರ್ ಬೂಟಿನಲ್ಲೇ ಇಳಿಯುತ್ತಾರೆ, ಬಾತುಕೋಳಿಯ ಹಾಗೆ ಪಾದ ಅಗಲಿಸಿ ನಡೆಯುತ್ತಾರೆ. ಟಮರಾಕ್ ಫಾಲ್ಸ್ ಎಂಬ ಈ ಊರಿನಲ್ಲಿ ಹಾಕಿ ಆಡುವ ನಾನೂರು ಚಿಲ್ಲರೆ ಜನರ ಸ್ಕೇಟುಗಳಿಗೆ ಸಾಣೆ ಹಿಡಿಯುವವರು ಇವರೇ.

ಮಾರ್ಚ್ ಮೊದಲ ವಾರ, ಬೆಳಗಿನ ಐದೂ ಹತ್ತು. ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗೆ. ಅಂಗಳದ ಪ್ರೇಕ್ಷಕರ ಮೆಟ್ಟಿಲುಗಳ ಅಡಿಯಲ್ಲಿ, ತಲೆ ಬಗ್ಗಿಸಿಯೇ ಹೋಗಬೇಕಾದ ಮೂಲೆಯ ಕೋಣೆಯಲ್ಲಿ ಇರ್ಮಾ ಆಗಲೇ ಎಂಟನೇ ಜೊತೆ ಮುಗಿಸುತ್ತಿದ್ದಾರೆ. ಅಲಗಿಗೆ ಕಪ್ಪು ಮಸಿ ಬಳಿಯುತ್ತಾರೆ, ಹಿಡಿಕೆಗೆ ಸಿಕ್ಕಿಸುತ್ತಾರೆ, ತಿರುಗುವ ಸಾಣೆಕಲ್ಲಿನ ಮೇಲೆ ಒಮ್ಮೆ ಎಳೆಯುತ್ತಾರೆ. ಮಸಿ ಎಲ್ಲಿ ಹೋಯಿತೋ ಅಲ್ಲಿ ಕಲ್ಲು ತಾಗಿದೆ, ಎಲ್ಲಿ ಉಳಿಯಿತೋ ಅಲ್ಲಿ ತಾಗಿಲ್ಲ. ಕೊನೆಗೆ ಚಲಾವಣೆಯಿಂದ ಹೋದ ತಾಮ್ರದ ಒಂದು ಸೆಂಟ್ ನಾಣ್ಯವನ್ನು ಅಲಗಿನ ಎರಡೂ ಅಂಚಿನ ಮೇಲೆ ಅಡ್ಡ ಇಟ್ಟು, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ನಾಣ್ಯ ವಾಲಿದರೆ ಅಂಚು ಸಮವಿಲ್ಲ ಎಂದರ್ಥ. ವಾಲುವುದಿಲ್ಲ.

ಮಂಜಿನ ನೆಲ ಉಜ್ಜುವ ಗಾಡಿ ಓಡಿಸುವ ಕ್ಲೆಮ್ ಥೆರಿಯೊ ಬಾಗಿಲಲ್ಲಿ ಇಣುಕುತ್ತಾರೆ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು.

"ನಿನ್ನೆ ಟೀವೀಲಿ ನಿನ್ ತಮ್ಮನ್ನ ನೋಡ್ದೆ ಇರ್ಮಾ. ತಲೆ ಏನ್ ಹೊಳೀತಿತ್ತು ಅಂತೀಯ."

"ಹನ್ನೊಂದು ಸೆಕೆಂಡ್ ಬಂದ," ಎನ್ನುತ್ತಾರೆ ಇರ್ಮಾ, ತಲೆಯೆತ್ತದೆ. "ಹಿಂದಿನ ವಾರ ಹದಿನಾಲ್ಕು ಬಂದಿದ್ದ. ಇಳೀತಾ ಇದಾನೆ."

ತಮ್ಮ ರೈನೊ ಕಂಗಾಸ್ ದಕ್ಷಿಣದ ದೊಡ್ಡ ನಗರದ ವೃತ್ತಿಪರ ತಂಡವೊಂದಕ್ಕೆ ಸಾಣೆ ಹಿಡಿಯುತ್ತಾರೆ. ತಂಡದ ಬಣ್ಣದ ಜಾಕೆಟ್ ತೊಟ್ಟು ಆಟಗಾರರ ಬೆಂಚಿನ ಹಿಂದೆ ನಿಂತಿರುತ್ತಾರೆ. ಇರ್ಮಾ ಪ್ರತಿ ಪಂದ್ಯವನ್ನೂ ನೋಡುತ್ತಾರೆ, ಸೆಕೆಂಡುಗಳನ್ನು ಎಣಿಸುತ್ತಾರೆ. ಅವರು ಹಾಕಿಕೊಂಡಿರುವುದು ಅಪ್ಪನ ಕಾಗದದ ಕಾರ್ಖಾನೆಯ ಕೋಟು. ಮುಂದೋಳಿನ ತುಂಬ ಕಿಡಿ ಸುಟ್ಟ ತೂತುಗಳು.

"ನನಗೆ ಹೊಟ್ಟೆಕಿಚ್ಚು," ಎಂದು ಅವರೇ ಹೇಳುತ್ತಾರೆ. "ಅದನ್ನ ಬೇರೆ ಹೆಸರಲ್ಲಿ ಬರೀಬೇಡಿ."

ಬರೀ ಸಾಣೆ ಹಿಡಿಯುವುದನ್ನು ಯಾರಾದರೂ ಕಲಿಯಬಹುದು. ಬಾಗು ಮತ್ತು ವಾಲು ಬೇರೆಯ ವಿದ್ಯೆ. ಸ್ಕೇಟಿನ ಅಲಗು ಕಣ್ಣಿಗೆ ನೇರ ಕಂಡರೂ ತೂಗುಕುರ್ಚಿಯ ಕಾಲಿನ ಹಾಗೆ ಉದ್ದಕ್ಕೂ ಸಣ್ಣಗೆ ಬಾಗಿರುತ್ತದೆ. ಬಾಗು ಹೆಚ್ಚಾದರೆ ಬೇಗ ತಿರುಗಬಹುದು, ಕಡಿಮೆಯಾದರೆ ವೇಗ ಉಳಿಯುತ್ತದೆ. ಆ ಬಾಗಿನಲ್ಲಿ ಮೈಭಾರ ನಿಲ್ಲುವ ಜಾಗ ಮುಂದಕ್ಕೋ ಹಿಂದಕ್ಕೋ ಎಂಬುದೇ ವಾಲು. ಕೂದಲೆಳೆಯಷ್ಟು ಮುಂದೆ ಸರಿದರೂ ಆಟಗಾರ ಕಾಲ್ಬೆರಳ ಮೇಲೆ ಬರುತ್ತಾನೆ. ಹಿಂದೆ ಸರಿದರೆ ಹಿಮ್ಮಡಿಯ ಮೇಲೆ ಕೂರುತ್ತಾನೆ. ತೆಗೆದ ಉಕ್ಕನ್ನು ಮತ್ತೆ ಹಚ್ಚಲಾಗುವುದಿಲ್ಲ. ಒಮ್ಮೆ ಬಾಗು ಬದಲಿಸಿದರೆ ಇಪ್ಪತ್ತೈದು ಸಾಣೆಗೆ ಆಗುವಷ್ಟು ಉಕ್ಕು ಪುಡಿಯಾಗಿ ನೆಲಕ್ಕೆ ಬೀಳುತ್ತದೆ.

ಮಂಜಿನ ಮೇಲೆ ಎಂದೂ ಜಾರದವರು ಇದನ್ನು ಹೇಗೆ ಕಲಿತರು? ಕಿವಿಯಿಂದ. ಅವರ ಕೋಣೆಯ ಗೋಡೆಯ ಆಚೆಯೇ ಅಂಗಳ. ಅಭ್ಯಾಸ ನಡೆಯುವಾಗ ಇರ್ಮಾ ಯಂತ್ರ ನಿಲ್ಲಿಸಿ ಕೇಳುತ್ತಾರೆ. ಹಿಮ್ಮಡಿಯ ಮೇಲೆ ಕೂತವರ ಅಲಗು ಎಳೆದು ಕರಕರ ಎನ್ನುತ್ತದಂತೆ, ಸರಿಯಾಗಿ ನಿಂತವರದು ಬಟ್ಟೆ ಹರಿದ ಹಾಗಂತೆ. ಹೊರಗೆ ಹೋಗಿ ಆಟಗಾರನನ್ನು ಕರೆದು, ನಿನ್ನ ಎಡಗಾಲಿನದು ಹಿಂದೆ ವಾಲಿದೆ, ಬಿಚ್ಚು ಎನ್ನುತ್ತಾರೆ. ಚಳಿಗಾಲದಲ್ಲಿ ದಿನಕ್ಕೆ ಅರವತ್ತು ಜೊತೆ ಸಾಣೆ, ವಾರಕ್ಕೆ ಆರೇಳು ಜೊತೆಗೆ ಹೊಸ ಬಾಗು. ಕೈಬೆರಳ ಉಗುರುಗಳು ಸದಾ ಮೋಟು: ಅಲಗು ಹರಿತವಾಯಿತೇ ಎಂದು ಉಗುರನ್ನೇ ಹೆರೆದು ನೋಡುವುದು ಅವರ ರೂಢಿ.

ಗೋಡೆಯ ಮೇಲೆ ಅರವತ್ತನಾಲ್ಕು ಮೊಳೆಗಳಿವೆ. ಒಂದೊಂದು ಮೊಳೆಯೂ ಒಬ್ಬ ಖಾಯಂ ಆಟಗಾರನದು. ಆಡಿ ಬಂದವರು ಸ್ಕೇಟು ನೇತುಹಾಕಿ ಹೋಗುತ್ತಾರೆ, ಬೆಳಿಗ್ಗೆ ಬಂದು ಒಯ್ಯುತ್ತಾರೆ. ಇವತ್ತು ಇಪ್ಪತ್ತೇಳನೇ ಮೊಳೆ ಖಾಲಿ. ಡಿಸೆಂಬರಿನಿಂದ ಖಾಲಿ. ಅದು ತಾನಿಸ್ ಬೋಕಾಜ್‌ಳದು. ಇಪ್ಪತ್ತು ವರ್ಷದ ತಾನಿಸ್ ಕಿರಾಣಿ ಅಂಗಡಿಯ ಗಲ್ಲೆಯಲ್ಲಿ ಕೆಲಸ ಮಾಡುತ್ತಾಳೆ, ಈ ಊರಿನಲ್ಲಿ ಯಾರೂ ಕಂಡಿರದಷ್ಟು ವೇಗವಾಗಿ ಜಾರುತ್ತಾಳೆ. ಇರ್ಮಾಗೆ ಈ ವರ್ಷ ಇರುವುದು ಒಂದೇ ಆಸೆ, ಆ ಮೊಳೆ ತುಂಬಬೇಕು. ಅದು ಖಾಲಿಯಾಗಲು ಕಾರಣ ಇರ್ಮಾ ಅವರೇ.

ಸಾಣೆಯಂತ್ರ ತಂದವರು ಅಪ್ಪ ಐನಾರಿ. ಕಾರ್ಖಾನೆಯ ಪಾಳಿ ಮುಗಿಸಿ ಬಂದು ಇಲ್ಲಿ ನಿಲ್ಲುತ್ತಿದ್ದರು. ನಾಲ್ಕು ವರ್ಷ ಚಿಕ್ಕವನಾದ ರೈನೊನನ್ನು ಹಣ್ಣಿನ ಪೆಟ್ಟಿಗೆಯ ಮೇಲೆ ನಿಲ್ಲಿಸಿ ಕೈಹಿಡಿದು ಕಲಿಸಿದರು. ಇರ್ಮಾ ಕೈಗೆ ಪೊರಕೆ ಕೊಟ್ಟರು. ಉಕ್ಕಿನ ಪುಡಿ ಗುಡಿಸುತ್ತಾ ಗುಡಿಸುತ್ತಾ ಅವರು ನೋಡಿ ಕಲಿತರು. ಸ್ಕೇಟು ಕೇಳಿದಾಗ ಅಪ್ಪ, ಹುಡುಗಿಯರ ತಂಡವೇ ಊರಲ್ಲಿಲ್ಲ, ಹಾಕಿಕೊಂಡು ಎಲ್ಲಿಗೆ ಹೋಗುತ್ತೀ ಎಂದರಂತೆ. ರೈನೊಗೆ ಪ್ರತಿ ಚಳಿಗಾಲ ಹೊಸ ಜೊತೆ ಬರುತ್ತಿತ್ತು. ಅವನು ಬಿಟ್ಟದ್ದು ಅಕ್ಕನ ಪಾದಕ್ಕೆ ಹಿಡಿಯುತ್ತಿರಲಿಲ್ಲ.

ಐನಾರಿ ಒಂದು ಪದ್ಧತಿ ಇಟ್ಟಿದ್ದರು. ಅಲಗಿಗೆ ಹೊಸ ಬಾಗು ಕೊಟ್ಟ ಮೇಲೆ, ಸಾಣೆಕಲ್ಲು ಸವರುವ ವಜ್ರದ ಮೊನೆಯಿಂದ ಅಲಗಿನ ಪಕ್ಕದಲ್ಲಿ, ಮೈಭಾರ ನಿಲ್ಲುವ ಜಾಗಕ್ಕೆ ಸರಿಯಾಗಿ, ಚುಕ್ಕೆ ಕೊರೆಯುವುದು. ಅಪ್ಪನದು ಒಂದು ಚುಕ್ಕೆ, ರೈನೊನದು ಎರಡು. ಚುಕ್ಕೆಯಿದ್ದ ಅಲಗಿಗೆ ಯಾರು ಬೇಕಾದರೂ ಸಾಣೆ ಹಿಡಿಯಬಹುದು. ಆದರೆ ಆಟಗಾರನನ್ನೂ ಚುಕ್ಕೆಯವನನ್ನೂ ಕೇಳದೆ ಬಾಗು ಮುಟ್ಟುವ ಹಾಗಿಲ್ಲ. ಅಪ್ಪ ತೀರಿಕೊಂಡರೂ ಊರಲ್ಲಿ ಇದು ನಡೆದಿದೆ. ಇರ್ಮಾಗೆ ಚುಕ್ಕೆ ಸಿಗಲೇ ಇಲ್ಲ. ನಲವತ್ತು ವರ್ಷದಿಂದ ಅವರು ಕೊಟ್ಟ ಬಾಗುಗಳ ಮೇಲೆ ಯಾವ ಗುರುತೂ ಇಲ್ಲ.

"ಕೇಳಿದ್ರೆ ಕೊಡ್ತಿದ್ರೋ ಏನೋ. ಕೇಳ್ಬೇಕು ಅಂತ ಅನ್ನಿಸ್ಲಿಲ್ಲ. ಅವನು ಕೇಳಿರ್ಲಿಲ್ಲವಲ್ಲ, ಅವನಿಗೆ ಕೊಟ್ರು."

ರೈನೊ ನಗರದ ಕೆಲಸಕ್ಕೆ ಹೋದಾಗ ತಮ್ಮ ಕೈಕೆಲಸದ ಮಾದರಿಗೆಂದು ಒಂದು ಜೊತೆ ಅಲಗು ಒಯ್ದಿದ್ದರು. ಅದಕ್ಕೆ ಬಾಗು ಕೊಟ್ಟದ್ದು ತಾನು ಎನ್ನುತ್ತಾರೆ ಇರ್ಮಾ. ಫೋನಿನಲ್ಲಿ ಕೇಳಿದಾಗ ರೈನೊ ಅಲ್ಲಗಳೆಯುವುದಿಲ್ಲ. "ಹೌದು, ಅಕ್ಕಂದೇ. ಆ ವಾರ ನನ್ ಹೆಬ್ಬೆರಳು ಬ್ಯಾಂಡೇಜಲ್ಲಿತ್ತು. ಚುಕ್ಕೆ ಮಾತ್ರ ನಾನ್ ಹಾಕಿದ್ದು." ಅಲ್ಲಿಯವರಿಗೆ ಇದನ್ನು ಹೇಳಿದಿರಾ ಎಂದರೆ, "ಯಾರೂ ಕೇಳ್ಲಿಲ್ಲ" ಎನ್ನುತ್ತಾರೆ.

ಕಳೆದ ಅಕ್ಟೋಬರಿನಲ್ಲಿ ರೈನೊ ಸುಗ್ಗಿ ಹಬ್ಬದ ಊಟಕ್ಕೆ ಊರಿಗೆ ಬಂದರು. ತಾನಿಸ್ ಆಡುವುದನ್ನು ನೋಡಿ, ಅವಳನ್ನು ಕರೆದು, ಇದೇ ಕೋಣೆಯಲ್ಲಿ ಇದೇ ಯಂತ್ರದ ಮೇಲೆ ಹೊಸ ಬಾಗು ಕೊಟ್ಟರು: ಮುಂದೆ ಒಂಬತ್ತಡಿ ತ್ರಿಜ್ಯದ ವೃತ್ತದ ಬಾಗು, ಹಿಂದೆ ಹನ್ನೆರಡಡಿಯದು, ವಾಲು ಅಳತೆಪಟ್ಟಿಯಲ್ಲಿ ಎರಡು ಗೆರೆ ಮುಂದಕ್ಕೆ. ಎರಡು ಚುಕ್ಕೆ ಕೊರೆದು ಹೋದರು. ತಾನಿಸ್‌ಳ ಮೊದಲ ಮೂರು ಹೆಜ್ಜೆ ಊರೇ ಮಾತಾಡುವಷ್ಟು ಚುರುಕಾದವು. ಕಿರಾಣಿ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲಲ್ಲಿ, ಎಲ್ಲೆಲ್ಲೂ ರೈನೊನ ಕೈಗುಣದ ಮಾತು. ಆರು ವರ್ಷದಿಂದ ಅವಳ ಅಲಗು ನೋಡಿಕೊಂಡವರು ಇರ್ಮಾ. ಅದನ್ನು ಯಾರೂ ಎತ್ತಲಿಲ್ಲ.

ನವೆಂಬರಿನಲ್ಲಿ ಸಡ್ಬರಿ ನಗರದಲ್ಲಿ ಮಹಿಳಾ ವೃತ್ತಿಪರ ತಂಡವೊಂದರ ಆಯ್ಕೆ ಇತ್ತು. ಹಿಂದಿನ ದಿನ ತಾನಿಸ್ ಸ್ಕೇಟು ತಂದು ಇಪ್ಪತ್ತೇಳನೇ ಮೊಳೆಗೆ ಹಾಕಿದಳು. ಸಾಣೆ ಮಾತ್ರ ಆಂಟಿ, ಬಾಗು ಹಾಗೇ ಇರಲಿ ಎಂದು ಹೇಳಿ ಹೋದಳು. ಇರ್ಮಾ ಅಲಗಿಗೆ ಮಸಿ ಬಳಿದರು, ಒಮ್ಮೆ ಎಳೆದರು, ನೋಡಿದರು.

"ಚೆನ್ನಾಗಿತ್ತು," ಎನ್ನುತ್ತಾರೆ. "ಕೆಟ್ಟದಾಗಿದ್ದಿದ್ರೆ ಮುಟ್ತಿರ್ಲಿಲ್ಲ. ಚೆನ್ನಾಗಿದೆ ಅಂತ ಕಂಡಿತಲ್ಲ, ಆಗ ಕೈ ಹೋಯ್ತು."

ಮುಕ್ಕಾಲು ಗಂಟೆಯಲ್ಲಿ ತಮ್ಮನ ಬಾಗನ್ನು ಅಳಿಸಿ, ತಾವು ಮೊದಲು ಕೊಡುತ್ತಿದ್ದ ಹಾಗೆ ಉದ್ದಕ್ಕೂ ಒಂಬತ್ತಡಿಯ ಬಾಗು ಹಾಕಿದರು, ವಾಲನ್ನು ಹಿಂದಕ್ಕೆ ನಡುಮಟ್ಟಕ್ಕೆ ತಂದರು. ಇದೇ ಅವಳಿಗೆ ಸುರಕ್ಷಿತ ಎಂದು ತಮಗೇ ಹೇಳಿಕೊಂಡರು. ಪಕ್ಕದ ಎರಡು ಚುಕ್ಕೆ ಇದ್ದಲ್ಲೇ ಉಳಿದವು. ಹೊಟ್ಟೆಯುರಿಯಲ್ಲಿ ಅದು ಅವರಿಗೆ ಹೊಳೆಯಲೇ ಇಲ್ಲ.

ಸಡ್ಬರಿಯಲ್ಲಿ ತಾನಿಸ್ ಹಿಂದಕ್ಕೆ ತಿರುಗುವಾಗ ಎರಡು ಸಲ ಬಿದ್ದಳು. ಮೊದಲ ಮೂರು ಹೆಜ್ಜೆ ಕೈಕೊಟ್ಟವು. ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಹೆದರಿದ್ದಕ್ಕೆ ಹೀಗಾಯಿತು ಎಂದುಕೊಂಡು ಬಂದು ಕೆಲಸಕ್ಕೆ ನಿಂತಳು. ಆಮೇಲೂ ಹೆಜ್ಜೆ ಸರಿಹೋಗದ್ದರಿಂದ ಕ್ರಿಸ್‌ಮಸ್ಸಿಗೆ ಬಂದ ರೈನೊಗೆ ಸ್ಕೇಟು ತೋರಿಸಿದಳು. ರೈನೊ ಅಲಗನ್ನು ಅಳತೆಪಟ್ಟಿಯ ಮೇಲಿಟ್ಟರು. ಭಾರ ನಿಂತದ್ದು ಒಂದು ಕಡೆ, ಚುಕ್ಕೆ ಇದ್ದದ್ದು ಇನ್ನೊಂದು ಕಡೆ. ನಡುವೆ ಎರಡು ಗೆರೆಯ ಅಂತರ.

ಅಡುಗೆಮನೆಯಲ್ಲಿ ಅಕ್ಕ ಏಲಕ್ಕಿ ಬ್ರೆಡ್ ಕತ್ತರಿಸುತ್ತಿದ್ದರು. ನೀನೇನಾ ಎಂದು ರೈನೊ ಕೇಳಿದರು. ಹೌದು ಎಂದರು ಇರ್ಮಾ. ರೈನೊ ಕಾಫಿ ಲೋಟ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದರು. ಮರುದಿನ ಇರ್ಮಾ ಕಿರಾಣಿ ಅಂಗಡಿಗೆ ಹೋಗಿ, ಗಿರಾಕಿಗಳ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ತಾನಿಸ್‌ಗೆ ತಾವೇ ಹೇಳಿದರು. ತಾನಿಸ್ ಹಾಲಿನ ಡಬ್ಬ ಚೀಲಕ್ಕೆ ಹಾಕಿ ಮುಂದಿನವರನ್ನು ಕರೆದಳು. ಆ ವಾರ ಗೋಡೆಯ ಒಂಬತ್ತು ಮೊಳೆ ಖಾಲಿಯಾದವು. ಎಂಟು ಮಂದಿ ಆಮೇಲೆ ವಾಪಸು ಬಂದರು.

ಈ ಬೆಳಿಗ್ಗೆ ಏಳಕ್ಕೆ ಕೋಣೆಯ ಬಾಗಿಲಲ್ಲಿ ತಾನಿಸ್ ನಿಂತಿದ್ದಾಳೆ. ಕೈಯಲ್ಲಿ ಸ್ಕೇಟು, ಸ್ಕೇಟಿಗೆ ಹೊಸ ಅಲಗು. ಮೂರು ಗಂಟೆ ದೂರದ ಅಂಗಡಿಗೆ ಎರಡು ಸಲ ಹೋಗಿ ಬಂದಳಂತೆ. ಎರಡು ಸಲವೂ ಎಡ ಬಲ ಒಂದೇ ಬಾಗಾಗಿರಲಿಲ್ಲ. ಏಪ್ರಿಲ್‌ನಲ್ಲಿ ಮತ್ತೆ ಆಯ್ಕೆ ಇದೆ. ಅವಳು ಚೀಟಿ ಚಾಚುತ್ತಾಳೆ, ರೈನೊ ಬರೆದ ಅಳತೆಗಳು.

"ಇದರಲ್ಲಿರೋ ಹಾಗೇ ಬೇಕು ಆಂಟಿ. ನಿಮ್ ಕೈ ಬೇಕು, ಬುದ್ಧಿ ಬೇಡ."

"ಚೀಟಿ ಬೇಡ," ಎನ್ನುತ್ತಾರೆ ಇರ್ಮಾ. "ನನಗೆ ನೆನಪಿದೆ."

"ನಾನಿಲ್ಲೇ ನಿಂತಿರ್ತೀನಿ."

"ನಿಂತ್ಕೊ. ಕಿಡಿ ಹಾರುತ್ತೆ, ಹಿಂದೆ ಸರಿ."

ತಾನಿಸ್ ಸರಿಯುವುದಿಲ್ಲ. ಕೈಕಟ್ಟಿ ನೋಡುತ್ತಾಳೆ. ಕೆಲಸ ಐವತ್ತು ನಿಮಿಷ ಹಿಡಿಯುತ್ತದೆ. ಇರ್ಮಾ ಮಸಿ ಬಳಿಯುತ್ತಾರೆ, ಎಳೆಯುತ್ತಾರೆ, ಮತ್ತೆ ಬಳಿಯುತ್ತಾರೆ. ಎಡದ್ದನ್ನು ಬಲದ್ದರ ಬೆನ್ನಿಗಿಟ್ಟು ದೀಪಕ್ಕೆ ಹಿಡಿಯುತ್ತಾರೆ. ನಡುವೆ ಬೆಳಕು ತೂರುವುದಿಲ್ಲ. ತಾಮ್ರದ ಸೆಂಟು ವಾಲುವುದಿಲ್ಲ. ಆಮೇಲೆ ವಜ್ರದ ಮೊನೆ ತೆಗೆದುಕೊಂಡು ಅಲಗಿನ ಪಕ್ಕಕ್ಕೆ ಚುಕ್ಕೆ ಕೊರೆಯುತ್ತಾರೆ. ಒಂದು, ಇನ್ನೊಂದು. ಅಲ್ಲಿಗೆ ನಿಲ್ಲಿಸುತ್ತಾರೆ.

"ಮಾಡಿದ್ದು ನೀವಲ್ವಾ?" ಎನ್ನುತ್ತಾಳೆ ತಾನಿಸ್. "ನಿಮ್ ಗುರುತು ಹಾಕ್ಬೋದಿತ್ತು."

"ಬಾಗು ಅವನದು." ಸ್ಕೇಟು ಕೊಡುತ್ತಾ ಇರ್ಮಾ ಒಂದು ಮಾತು ಸೇರಿಸುತ್ತಾರೆ, "ಅವನು ಮಾಡಿದ್ದಕ್ಕಿಂತ ಇದು ನಯವಾಗಿದೆ. ಅದನ್ನೂ ಅವನಿಗೆ ಹೇಳು."

ತಾನಿಸ್ ಅಂಗಳಕ್ಕಿಳಿಯುತ್ತಾಳೆ. ಇರ್ಮಾ ಯಂತ್ರ ನಿಲ್ಲಿಸಿ ಗೋಡೆಗೆ ಕಿವಿ ಕೊಡುತ್ತಾರೆ. ಮೂರು ಹೆಜ್ಜೆ, ಬಟ್ಟೆ ಹರಿದ ಹಾಗೆ. ಮತ್ತೆ ಮೂರು. ಇರ್ಮಾ ಹೂಂ ಎಂದು ಯಂತ್ರ ಚಾಲೂ ಮಾಡುತ್ತಾರೆ. ಅರ್ಧ ಗಂಟೆಯ ನಂತರ ತಾನಿಸ್ ಸ್ಕೇಟು ಹೆಗಲಿಗೆ ಹಾಕಿಕೊಂಡು ಬಾಗಿಲ ಮುಂದೆಯೇ ಹಾದು ಮನೆಗೆ ಹೋಗುತ್ತಾಳೆ. ಒಳಗೆ ಬರುವುದಿಲ್ಲ.

ನವೆಂಬರಿನಿಂದ ಇಲ್ಲಿಗೆ ತಾನಿಸ್ ಕಳೆದುಕೊಂಡದ್ದು: ಒಂದು ಜೊತೆ ಅಲಗು, ತಂಡದಲ್ಲಿ ಒಂದು ಜಾಗ, ಆಡಬೇಕಿದ್ದ ಇಪ್ಪತ್ತೆಂಟು ಪಂದ್ಯ. ಇರ್ಮಾ ಕಳೆದುಕೊಂಡದ್ದು: ಅರವತ್ತನಾಲ್ಕು ಮೊಳೆಗಳಲ್ಲಿ ಒಂದು.