ಹೆಸರಿನ ಜಾಗದಲ್ಲಿ ಬಳೆ ಸದ್ದು

ಬಳೆ ಆಯಿಯ ಬಲಗೈ ಹೆಬ್ಬೆರಳ ತುಂಬ ಗಾಜು ಚುಚ್ಚಿದ ಸಣ್ಣ ಸಣ್ಣ ಕಲೆಗಳಿದ್ದವು. ಮುಂಗೈ ಮಾತ್ರ ಬರಿದು. ತಿಕೋಟಾದಿಂದ ಬಬಲೇಶ್ವರದವರೆಗೆ ಊರೂರಿನ ಹೆಣ್ಣುಮಕ್ಕಳಿಗೆ ಬಳೆ ಏರಿಸಿದವಳು, ಗಂಡ ತೀರಿಕೊಂಡ ಮೇಲೆ ತಾನು ಒಂದನ್ನೂ ತೊಟ್ಟಿರಲಿಲ್ಲ.

"ಆರಾಮ ಅದಿಯೇನ ಆಯಿ?" ಎಂದರೆ, "ಆ ರಾಮ ಇಟ್ಟಂಗ ಅದೀನವಾ" ಎನ್ನುವಳು. ಇಂಥ ಮಾತಿನಾಟವಿಲ್ಲದೆ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ. ಬಿಗಿ ಬಳೆ ಗೆಣ್ಣು ದಾಟುವಾಗ ನಮ್ಮ ನೋವು ಮರೆಸಲು ಒಡಪು ಕಲಿಸುವಳು. ನಮ್ಮ ಕಡೆ ಗಂಡನ ಹೆಸರನ್ನು ಹಾಗೇ ಬಾಯಿಬಿಟ್ಟು ಹೇಳುವಂತಿಲ್ಲವಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ನಾಲ್ಕು ಮಂದಿ ಕೇಳಿದಾಗ, ಪ್ರಾಸದ ಎರಡು ಸಾಲಿನೊಳಗೆ ಸೇರಿಸಿ ಹೇಳಬೇಕು. ಅದೇ ಒಡಪು. ಆಯಿ ಕಲಿಸುವಾಗ ಹೆಸರು ಬರುವ ಜಾಗದಲ್ಲಿ ಎರಡು ಬಳೆ ತಾಗಿಸಿ ಟಿಣ್ ಅನ್ನಿಸುತ್ತಿದ್ದಳು. "ಅಲ್ಲಿ ನಿನ್ನ ಗಂಡನ್ನ ಕೂಡ್ರಿಸ್ಕೋ" ಎಂದು ನಗುವಳು.

ತೊರವಿಯಿಂದ ತಿಕೋಟಾಕ್ಕೆ ಸೊಸೆಯಾಗಿ ಬಂದ ನಾನು ಬಾಯಿ ಸತ್ತವಳು. ಹೊಸ್ತಿಲಲ್ಲಿ ನಾದಿನಿಯರು ಅಡ್ಡಗಟ್ಟಿದಾಗ, ತೊರವಿಯಲ್ಲಿ ಮದುವೆ ಬಳೆ ಏರಿಸುವಾಗ ಆಯಿ ಕಲಿಸಿದ್ದನ್ನೇ ಕಣ್ಣುಮುಚ್ಚಿ ಒಪ್ಪಿಸಿದೆ: "ತಿಕೋಟಾದ ತ್ವಾಟದಾಗ ದ್ರಾಕ್ಷಿ ಗೊಂಚಲ, ನಮ್ಮ ರಾಯರು ಮನೀಗಿ ಬಂದ್ರ ಮನಸ ಚಂಚಲ." ಹೆಸರು ಬಿಟ್ಟುಹೋಗಿತ್ತು! ಎಲ್ಲರೂ ಬಿದ್ದು ಬಿದ್ದು ನಕ್ಕು, ಹೆಸರು ಹೇಳಿಸಿಯೇ ಒಳಗೆ ಬಿಟ್ಟರು. ಆ ಮನೆಯಲ್ಲಿ ನಾನಾಡಿದ ಮೊದಲ ಮಾತು ಆಯಿ ಕೊಟ್ಟದ್ದು.

ಮುಂದೆ ನನ್ನ ಕುಬಸ ಬಂತು. ಹಿಂದಿನ ದಿನ ಕೈ ಅಳತೆ ನೋಡಲು ಬಂದವಳನ್ನು, "ನಿನ್ನದೊಂದ ಒಡಪ ಹೇಳ ಆಯಿ" ಎಂದು ಕಾಡಿದೆ. ಒಲ್ಲೆ ಒಲ್ಲೆ ಅನ್ನುತ್ತಲೇ ಹೇಳಿದಳು:

"ಬಬಲೇಶ್ವರ ದಾರ್ಯಾಗ ಬಿಳಿಜ್ವಾಳದ ತೆನಿ, ಟಿಣ್ ಇದ್ದಲ್ಲೇ ಐತಿ ನನ್ನ ಮನಿ."

"ಹೆಸರ?"

"ಹಂಗ ಹೇಳಬಾರದ್ವಾ. ನಾಕ ಮಂದಿ ಕೇಳಬೇಕು. ಗಂಡ ಸತ್ತಾಕಿನ್ನ ಯಾರ ಕೇಳ್ತಾರ? ಇಪ್ಪತ್ತ ವರ್ಷಾತು, ಆ ಹೆಸರ ಬಾಯಾಗ ಬಂದಿಲ್ಲ." ನನ್ನ ಮೊಣಕಾಲು ಮುಟ್ಟಿದಳು. "ನಾಳಿ ಎಲ್ಲಾರ ಮುಂದ ಒಂದ ಸಲ ನನ್ನ ಕೇಳ್ತಿಯೇನ, ಯವ್ವಾ?"

"ಕೇಳ್ತೇನಿ" ಎಂದೆ.

ಮರುದಿನ ಬೆಳಿಗ್ಗೆ ಆಯಿ ನನಗೆ ಹಸಿರು ಬಳೆ ಏರಿಸಿ, ಮುತ್ತೈದೆಯರು ಸೇರುವ ಹೊತ್ತಿಗೆ ಯಾರೂ ಹೇಳದೆಯೇ ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂತಳು. ಒಡಪು ಶುರುವಾದವು. ಹೊಸ ಸೊಸೆಯೊಬ್ಬಳಿಗೆ ಎರಡನೇ ಸಾಲು ಮರೆತುಹೋಯಿತು. ಹೊರಗಿನಿಂದ ಆಯಿಯೇ ಸಾಲು ಹೇಳಿಕೊಟ್ಟಳು, ಟಿಣ್ ಸಮೇತ. ಒಳಗೆಲ್ಲ ನಗು. ಕೇಳುವುದಿದ್ದರೆ ಅದೇ ಹೊತ್ತು. ಬಾಗಿಲಾಚೆ ಆಯಿ ತಲೆ ಮೇಲೆ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ನನ್ನನ್ನೇ ನೋಡುತ್ತಿದ್ದಳು. ಕೇಳಲೇ ಎಂಬಂತೆ ನಾನು ಅತ್ತೆಯ ಮುಖ ನೋಡಿದೆ. ಅವರಿಗೆ ತಿಳಿದುಹೋಯಿತು, ಬೇಡವೆಂದು ತಲೆಯಾಡಿಸಿದರು. ಚೊಚ್ಚಲ ಬಸುರು, ನನಗೂ ಎಲ್ಲೋ ಅಂಜಿಕೆ. ಸುಮ್ಮನಾದೆ. ಸುಡಲಿ ನನ್ನ ಬಾಯಿ!

ಆಯಿ ಬಳೆ ಪೆಟ್ಟಿಗೆ ಮುಚ್ಚಿದಳು. ಹೊರಡುವಾಗ ನನ್ನ ಗಲ್ಲ ಹಿಡಿದು, "ಗಂಡಾಗಲಿ ಹೆಣ್ಣಾಗಲಿ, ಬಾಯಿ ಇರೂ ಕೂಸು ಹುಟ್ಟಲಿ" ಎಂದು ಹರಸಿದಳು. ಮನಸ್ಸಿನಲ್ಲಿ ಸಿಟ್ಟಿಟ್ಟುಕೊಂಡು ಆಡಿದ ಮಾತಲ್ಲ ಅದು. ಬೈದಿದ್ದರೆ ಇಷ್ಟು ವರ್ಷ ಸಂಕಟಪಡುತ್ತಿರಲಿಲ್ಲ.

ಮಗಳು ಹುಟ್ಟಿದಳು, ಬಾಯಿ ಇರುವವಳೇ. ಅವಳು ಶಾಲೆಗೆ ಹೋಗುವಂತಾದ ಮೇಲೆ ಆಯಿಗೆ ಲಕ್ವಾ ಹೊಡೆಯಿತು. ವಿಜಯಪುರದ ಅಥಣಿ ರಸ್ತೆಯಲ್ಲಿ ಅವಳ ಮಗಳ ಮನೆಗೆ ನೋಡಲು ಹೋದೆ. ಎಡಗೈ ಬಿದ್ದುಹೋಗಿತ್ತು, ಮಾತು ಪೂರ್ತಿ ನಿಂತಿತ್ತು. ಒಂದು ಮಾತಿಗೆ ಎರಡರ್ಥ ಹಚ್ಚಿ ನಗಿಸುತ್ತಿದ್ದ ಬಾಯಿ!

"ತಪ್ಪಾತ ಆಯಿ. ಈಗ ಕೇಳಾಕತ್ತೇನಿ, ನಿನ್ನ ಒಡಪ ಹೇಳ" ಎಂದು ಕಣ್ಣೀರು ಹಾಕಿದೆ.

ತುಟಿ ಅಲುಗಿತು, ದನಿ ಬರಲಿಲ್ಲ. ಬಲಗೈ ಬೆರಳು ಹೊದ್ದ ಕೌದಿಯ ಮೇಲೆ ಏನನ್ನೋ ಹುಡುಕುತ್ತಿದ್ದವು. ನನ್ನ ಕೈಯಿಂದ ಎರಡು ಬಳೆ ತೆಗೆದು ಅವಳ ಅಂಗೈಗಿಟ್ಟೆ. "ಬಬಲೇಶ್ವರ ದಾರ್ಯಾಗ ಬಿಳಿಜ್ವಾಳದ ತೆನಿ" ಎಂದು ನಾನೇ ಹೇಳಿ ನಿಲ್ಲಿಸಿದೆ. ಅವಳ ಬೆರಳು ಬಳೆಗಳನ್ನು ತಾಗಿಸಿದವು. ಟಿಣ್. ಆ ಟಿಣ್ ಯಾವ ಹೆಸರೆಂದು ನನಗೆ ಗೊತ್ತಿರಲಿಲ್ಲ.

ಮುಂದಿನ ವಾರ ಆಯಿ ಹೋದಳು. ಮಣ್ಣಿಗೆ ಹೋದ ದಿನ ಅವಳ ಮಗಳನ್ನು ಬದಿಗೆ ಕರೆದು, ಅಪ್ಪನ ಹೆಸರೇನೆಂದು ಕೇಳಿ ತಿಳಿದುಕೊಂಡೆ.

ಮೊನ್ನೆ ನಮ್ಮ ಮನೆಯಲ್ಲಿ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ ಕುಬಸ. "ಇನ್ನ ನೀವ ಹೇಳ್ರಿ ಅಕ್ಕಾ" ಎಂದು ಎಲ್ಲರೂ ಗಂಟುಬಿದ್ದರು. ಎದ್ದು ನಿಂತು ಹೇಳಿದೆ:

"ಬಬಲೇಶ್ವರ ದಾರ್ಯಾಗ ಬಿಳಿಜ್ವಾಳದ ತೆನಿ, ಮಲ್ಲಪ್ಪನವರು ಇದ್ದಲ್ಲೇ ಐತಿ ನನ್ನ ಮನಿ."

"ಅಯ್ಯ ನಮ್ಮವ್ವಾ, ಗಂಡನ ಹೆಸರ ಮರ್ತಾಳ ನೋಡ್ರೇ!" ಎಂದು ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

ನಾನು ಮರೆತಿರಲಿಲ್ಲ. ಕೇಳಲು ನಾಲ್ಕು ಮಂದಿ ಸೇರಿದ್ದರು. ಹೆಸರೂ ಬಾಯಿಗೆ ಬಂದಿತ್ತು. ಹೇಳಬೇಕಾದವಳು ಕಟ್ಟೆಯ ಮೇಲೆ ಇರಲಿಲ್ಲ.